ಹೊಸ್ತಿಲಾಚೆ ನಿಂತ ಸಾಕ್ಷಿ

ಹನಗೋಡಿನಲ್ಲಿ ಪುಟ್ಟಮಲ್ಲಪ್ಪನವರ ರುಜು ಬೀಳದ ಮಹಜರಿಗೆ ಕಿಮ್ಮತ್ತೇ ಇರಲಿಲ್ಲ. ಕಳುವಾಗಲಿ, ಹೊಡೆದಾಟವಾಗಲಿ, ಪೊಲೀಸರು ಮಾಲು ಹಿಡಿಯುವಾಗ ಊರಿನ ಇಬ್ಬರು ಮರ್ಯಾದಸ್ಥರು ಕಣ್ಣಾರೆ ನೋಡಿ ರುಜು ಹಾಕಬೇಕು. ಆ ಇಬ್ಬರಲ್ಲಿ ಇವರೊಬ್ಬರು. ಲಿಂಗಪೂಜೆ ಮುಗಿಯದೆ ಹನಿ ನೀರೂ ಬಾಯಿಗೆ ಬಿಡದ ಮನುಷ್ಯ. ಇಂಥವರು ಸುಳ್ಳಿಗೆ ರುಜು ಹಾಕುತ್ತಾರೆಯೇ ಎಂದು ಊರು ಕೇಳುತ್ತಿತ್ತು. ಊರಿಗೇನು, ಕೇಳುತ್ತದೆ!

ಐವತ್ತಮೂರರ ಬೇಸಿಗೆಯಲ್ಲಿ ನಂಜಣ್ಣನ ಕೊಲೆಯಾಯಿತು. ಮಚ್ಚಿನೇಟು ತಿಂದು ನಾಲೆಯ ಏರಿಯ ಮೇಲೆ ಬಿದ್ದಿದ್ದ. ಅವನು ಪುಟ್ಟಮಲ್ಲಪ್ಪನವರ ಚಿಕ್ಕಂದಿನ ಗೆಳೆಯ; ಅವನ ಹೆಂಡತಿ ನೀಲಾಂಬಿಕೆ ಇವರನ್ನು ಅಣ್ಣ ಎಂದೇ ಕರೆಯುತ್ತಿದ್ದಳು. ಗದ್ದೆಗೆ ನೀರು ತಿರುಗಿಸುವ ವಿಷಯಕ್ಕೆ ಒಕ್ಕಲಿಗರ ಸಿದ್ದಯ್ಯನಿಗೂ ನಂಜಣ್ಣನಿಗೂ ಆಗತಾನೆ ಹೊಡೆದಾಟವಾಗಿತ್ತು. ಇನ್ಯಾರು ಮಾಡಿಯಾರು? ಪೊಲೀಸರು ಸಿದ್ದಯ್ಯನನ್ನು ಎಳೆದೊಯ್ದರು. ಆ ನನ್ಮಗನಿಗೆ ನೇಣೇ ಸರಿ ಎಂದು ಜಗಲಿಯ ಮೇಲೆ ಕೂತು ತೀರ್ಪು ಕೊಟ್ಟವರಲ್ಲಿ ಪುಟ್ಟಮಲ್ಲಪ್ಪನವರೂ ಇದ್ದರು.

ಎರಡು ದಿನ ಕಳೆದು ದಫೇದಾರ ಅವರನ್ನು ಸಿದ್ದಯ್ಯನ ಮನೆಗೆ ಕರೆಸಿದ. ಮಚ್ಚು ಅಡುಗೆಮನೆಯ ಅಟ್ಟದಲ್ಲಿದೆಯೆಂದು ಆರೋಪಿ ಒಪ್ಪಿದ್ದಾನಂತೆ, ತಾನೇ ತೆಗೆದು ಕೊಡುತ್ತಾನಂತೆ.

"ಬನ್ನಿ ಸ್ವಾಮಿ, ಒಳಕ್ಕೆ ಬಂದು ನೋಡಿ."

ಪುಟ್ಟಮಲ್ಲಪ್ಪನವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಮಾಂಸ ಬೇಯುವ ಒಲೆಯ ಬಳಿಗೆ ಅವರು ಕಾಲಿಡುವುದುಂಟೆ? "ಶಿವಶಿವಾ! ಅಲ್ಲಿಗ್ಯಾಕಪ್ಪ ನಾನು? ನೀವೇ ಓಗಿ ತಕ್ಕಬನ್ನಿ, ನಾನಿಲ್ಲೇ ನಿಂತಿರ್ತೀನಿ."

ಇನ್ನೊಬ್ಬ ಸಾಕ್ಷಿ ಸೋಮಯ್ಯನೂ ಇವರ ಮತದವನೇ, ಇವರ ಪಕ್ಕವೇ ನಿಂತ. ಸಿದ್ದಯ್ಯ ಕೈಬೇಡಿ ಹಾಕಿಸಿಕೊಂಡು ಕೊಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ದಫೇದಾರ ಒಬ್ಬನೇ ಒಳಗೆ ಹೋದ, ರಕ್ತ ಹತ್ತಿದ ಮಚ್ಚು ಹಿಡಿದು ಹೊರಗೆ ಬಂದ. ಆರೋಪಿಯೇ ನಮ್ಮ ಸಮಕ್ಷಮ ಅಟ್ಟದಿಂದ ತೆಗೆದುಕೊಟ್ಟ ಎಂದು ಮಹಜರಿನಲ್ಲಿ ಬರೆದಿದ್ದನ್ನು ದಫೇದಾರ ಓದಿ ಹೇಳಿದ. ಎಂದಿನಂತೆ ಇಬ್ಬರೂ ರುಜು ಹಾಕಿದರು. ಮಡಿ ಉಳಿಯಿತಲ್ಲ, ಅಷ್ಟು ಸಾಕು!

ಕೇಸು ಮೈಸೂರಿನ ಸೆಷನ್ಸ್ ಕೋರ್ಟಿಗೆ ಬಂತು. ಹೊರಡುವ ಹಿಂದಿನ ಸಂಜೆ ನೀಲಾಂಬಿಕೆ ಸೆರಗು ಬಾಯಿಗೆ ಒತ್ತಿಕೊಂಡು ಬಂದಳು. "ಅಣ್ಣ, ಎಲ್ಲಾ ನಿಮ್ಮ ಮಾತಿನ ಮ್ಯಾಲೇ ನಿಂತದೆ ಅಂತಾರೆ. ಅವನ್ನ ಬುಡಬ್ಯಾಡಿ."

"ಬುಡಾಕಿಲ್ಲ ಕಣವ್ವ" ಎಂದು ಮಾತು ಕೊಟ್ಟರು.

ಸೋಮಯ್ಯ ಕೋರ್ಟಿನಲ್ಲಿ ಗಿಳಿಪಾಠ ಒಪ್ಪಿಸಿ ಇಳಿದ. ಆಮೇಲೆ ಪುಟ್ಟಮಲ್ಲಪ್ಪನವರು ಕಟಕಟೆ ಹತ್ತಿದರು. ಸಿದ್ದಯ್ಯನಿಗೆ ವಕೀಲರನ್ನಿಡುವ ಶಕ್ತಿಯಿಲ್ಲವೆಂದು ಸರ್ಕಾರವೇ ಗೊತ್ತು ಮಾಡಿದ್ದ ಹುಡುಗು ವಕೀಲ ಎದ್ದು, ಒಂದೇ ಮಾತು ಕೇಳಿದ: "ಯಜಮಾನರೇ, ತಾವು ಒಕ್ಕಲಿಗರ ಮನೆಯ ಅಡುಗೆಮನೆಯೊಳಕ್ಕೆ ಹೋಗುತ್ತೀರಾ?"

ಹೋಗಿದ್ದೆ ಎಂದರೆ ಸಿದ್ದಯ್ಯನ ಕೊರಳಿಗೆ ಹಗ್ಗ. ಇಲ್ಲ ಎಂದರೆ ನೀಲಾಂಬಿಕೆಗೆ ಕೊಟ್ಟ ಮಾತು ಮಣ್ಣುಪಾಲು. ಆಕೆ ಬಾಗಿಲ ಪಕ್ಕದ ಬೆಂಚಿನಲ್ಲೇ ಕೂತಿದ್ದಳು. ಪುಟ್ಟಮಲ್ಲಪ್ಪನವರ ಕೈ ತಾನಾಗಿ ಎದೆಯ ಮೇಲಿನ ಲಿಂಗಕ್ಕೆ ಹೋಯಿತು.

"ಇಲ್ಲ ಬುದ್ದಿ. ಅವತ್ತೂ ನಾನು ಒಳಕ್ಕೆ ಓಗ್ನಿಲ್ಲ. ಅವನೂ ಓಗ್ನಿಲ್ಲ, ಕೊಟ್ಟಿಗೆ ಮುಂದೆ ಕೂತಿದ್ದ. ದಫೇದಾರ್ರೇ ತಂದ್ರು."

ಸರ್ಕಾರಿ ವಕೀಲರು ಸಿಡಿದೆದ್ದರು. "ಹಾಗಾದರೆ ಕೊಂದವನು ಇವನಲ್ಲ ಅನ್ನುತ್ತೀರೋ?"

"ಇವನೇ ಅಂತ ನನ್ನ ಮನಸು ಯೋಳ್ತದೆ ಸ್ವಾಮಿ. ಕಣ್ಣು ನೋಡ್ನಿಲ್ಲವಲ್ಲ, ಏನು ಮಾಡ್ಲಿ?"

ಮಚ್ಚು ಬಿಟ್ಟರೆ ಬೇರೆ ಸಾಕ್ಷ್ಯವಿರಲಿಲ್ಲ, ಅದೂ ಈಗ ಬಿದ್ದುಹೋಯಿತು. ಊರಿನ ಅನುಮಾನ ಸಾಕ್ಷ್ಯವಾಗದು, ಕಾನೂನಿನ ದಾರಿ ತಪ್ಪಿ ಯಾರ ಪ್ರಾಣವನ್ನೂ ತೆಗೆಯುವಂತಿಲ್ಲವೆಂದು ನಮ್ಮ ಸಂವಿಧಾನವೇ ಹೇಳಿದೆ ಎಂದು ನ್ಯಾಯಾಧೀಶರು ಸಿದ್ದಯ್ಯನನ್ನು ಬಿಟ್ಟರು. ಅವನು ಹೊರಗೆ ಬಂದು ಕಾಲು ಹಿಡಿಯಲು ಬಗ್ಗಿದ. ಪುಟ್ಟಮಲ್ಲಪ್ಪನವರು ಕಾಲು ಹಿಂದಕ್ಕೆ ಎಳೆದುಕೊಂಡರು. ಕೊಂದವನ ಕೈಯೋ, ನಿರಪರಾಧಿಯ ಕೈಯೋ ತಿಳಿಯದು, ಆ ಸಂಕಟ ಬೇರೆ.

ಊರಿಗೆ ಬಂದವರು ಮನೆಗೂ ಹೋಗದೆ ನೀಲಾಂಬಿಕೆಯ ಬಾಗಿಲಿಗೆ ನಡೆದರು. ಬೈಗುಳಕ್ಕೆ ಮೈಯೊಡ್ಡಿಯೇ ಹೋಗಿದ್ದರು. ಆಕೆ ಬೈಯಲಿಲ್ಲ. ಚಾಪೆ ಹಾಸಿದಳು, ನೀರು ತಂದಿಟ್ಟಳು, ಕಂಬಕ್ಕೊರಗಿ ನಿಂತಳು.

"ಸುಳ್ಳೇಳಿ ಅಂತ ನಾನು ಕೇಳ್ನಿಲ್ಲ ಅಣ್ಣ. ಅವತ್ತು ನೀವು ಒಂದೆಜ್ಜೆ ಒಳಕ್ಕೆ ಇಕ್ಕಿದ್ರೆ, ಮಚ್ಚು ಅಟ್ಟದಲ್ಲೇ ಇತ್ತೋ ಇಲ್ವೋ ಕಾಣ್ತಿತ್ತು, ಅವನೋ ಅಲ್ವೋ ಅನ್ನಾದಾದ್ರೂ ಗೊತ್ತಾಯ್ತಿತ್ತು. ಈಗ ಯಾರಿಗೆ ಶಾಪ ಆಕ್ಲಿ, ನೀವೇ ಯೋಳಿ."