ಬಟ್ಟೆಗಂಟಿದ ಸೀಸ

ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವುದು ಅವಳ ಗಂಡನ ಕಸುಬು. ಅವನು ತೀರಿಕೊಂಡ ಮೇಲೆ ಅವಳೇ ಕೈಗೆತ್ತಿಕೊಂಡಳು. ಬೀದಿಯವರು ಬ್ಯಾಟರಿಯಕ್ಕ ಎಂದು ಕರೆದರು. "ನಮ್ಮಕ್ಕನ ಚಾರ್ಜು ಇಳಿಯೋದೇ ಇಲ್ಲ" ಎಂದು ನಗುತ್ತಿದ್ದರು. ಹೊಗೆ ಒಳ್ಳೆಯದಲ್ಲ ಎಂದು ಅವಳಿಗೂ ಗೊತ್ತಿತ್ತು. ಅದಕ್ಕೇ ಕುಲುಮೆಯನ್ನು ಊರಾಚೆ ಶೆಡ್ಡಿನಲ್ಲಿಟ್ಟಿದ್ದಳು. ಮಗಳು ಅತ್ತ ತಲೆಹಾಕುವಂತಿರಲಿಲ್ಲ.

ಐದು ವರ್ಷದ ಆ ಮಗಳು ಮಾತಿನಮಲ್ಲಿ. ಸಂಜೆ ಅಮ್ಮ ಹೊಸಿಲು ದಾಟುವ ಮೊದಲೇ ಓಡಿಬಂದು ತಬ್ಬಿಕೊಂಡು, ಅವಳ ಬಟ್ಟೆಗೆ ಮುಖ ಒತ್ತಿ, ದಿನದ ವರದಿ ಒಪ್ಪಿಸುತ್ತಿದ್ದಳು. ಬರಬರುತ್ತ ಆ ವರದಿ ಗಿಡ್ಡವಾಯಿತು. ಹೊಟ್ಟೆನೋವು, ಊಟ ಬೇಡ, ಹೇಳಿಕೊಟ್ಟದ್ದು ನೆನಪಿಲ್ಲ. ಜಂತುಹುಳ ಎಂದಳು ಮನೆಯಲ್ಲೇ ಇದ್ದ ಅಜ್ಜಿ, ಬ್ಯಾಟರಿಯಕ್ಕನ ತಾಯಿ. ಔಷಧಿ ಕುಡಿಸಿದರೂ ಗುಣವಾಗಲಿಲ್ಲ. ಮೈ ಬಿಳಿಚಿಕೊಂಡಾಗ ಬ್ಯಾಟರಿಯಕ್ಕ ಮಗಳನ್ನು ಆಸ್ಪತ್ರೆಗೆ ಹೊತ್ತೊಯ್ದಳು.

ರಕ್ತಪರೀಕ್ಷೆ ಮಾಡಿಸಿದ ಡಾಕ್ಟರು, ಮಗುವಿನ ರಕ್ತದಲ್ಲಿ ಸೀಸ ಸೇರಿದೆ ಎಂದು ಹೇಳಿ, ಅವಳ ಕೆಲಸವೇನೆಂದು ಕೇಳಿದರು. ಹೇಳಿದಳು.

"ಆದ್ರೆ ಮನೇಲಲ್ಲ ಡಾಕ್ಟ್ರೇ, ದೂರ ಇದೆ ಶೆಡ್ಡು. ಹೊಗೆ ಮನೆವರೆಗೂ ಬರಲ್ಲ."

"ಹೊಗೆ ಬರಲ್ಲಮ್ಮ, ನೀವು ಬರ್ತೀರಲ್ಲ. ಇದೇ ಬಟ್ಟೇಲಿ ತಾನೇ?"

ಅವಳು ಸೆರಗಿನ ಕಡೆ ನೋಡಿದಳು.

"ಸೀಸದ ಧೂಳು ಕಣ್ಣಿಗೆ ಕಾಣಲ್ಲ. ಮಗು ಕೈ ಬಾಯಿಗೆ ಹಾಕ್ತು ಅಂದ್ರೆ ಒಳಗೆ ಹೋಯ್ತು. ಮೈ ಅದನ್ನ ಸುಣ್ಣದಂಶ ಅಂತ ತಿಳ್ಕೊಂಡು ಮೂಳೇಲಿ ಇಟ್ಕೊಂಡುಬಿಡತ್ತೆ."

ಮರುದಿನದಿಂದ ಶೆಡ್ಡಿನಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬರತೊಡಗಿದಳು. ಆದರೂ ಧೈರ್ಯ ಸಾಲದೆ, ಓಡಿಬಂದ ಮಗಳಿಗೆ, "ಮುಟ್ಟಬೇಡ, ದೂರ ನಿಲ್ಲು" ಎಂದಳು. ಮಗು ಕೈ ಹಿಂದಕ್ಕೆಳೆದುಕೊಂಡು ಅಜ್ಜಿಯ ಮಡಿಲು ಸೇರಿತು. ಆಮೇಲೆ ಬಾಗಿಲಿಗೆ ಬರುವುದನ್ನೇ ಬಿಟ್ಟಿತು. ರಕ್ತದ ವರದಿಗಿಂತ ಇದೇ ಅವಳನ್ನು ಹೆಚ್ಚು ಚುಚ್ಚಿತು. ಆ ವಾರವೇ ಕುಲುಮೆ ಕೆಡವಿಸಿದಳು.

"ಹೊಟ್ಟೆಪಾಡಿಗೇನು ಮಾಡ್ತೀಯೇ?" ಎಂದಳು ಅವಳ ತಾಯಿ.

"ಹೊಟ್ಟೆ ನೋಯೋದು ನಿಲ್ಲಲಿ, ಆಮೇಲೆ ಪಾಡು ನೋಡ್ಕೊಳ್ಳೋಣ."

ಈಗ ಅವಳು ಬ್ಯಾಟರಿಗೆ ಚಾರ್ಜು ಹಾಕುತ್ತಾಳೆ, ನೀರು ತುಂಬುತ್ತಾಳೆ. ಸತ್ತ ಬ್ಯಾಟರಿ ಒಡೆಯದೆ ಹಾಗೇ ಕಾರ್ಖಾನೆಯ ಲಾರಿಯವರಿಗೆ ಕೊಟ್ಟುಬಿಡುತ್ತಾಳೆ. ಮಗಳ ಹೊಟ್ಟೆನೋವು ಹೋಯಿತು, ಮುಖಕ್ಕೆ ಕಳೆ ಬಂತು, ಬಾಯಿಗೆ ಮಾತೂ ಬಂತು. ಲೆಕ್ಕ ಮಾತ್ರ ತಲೆಗೆ ಹತ್ತುವುದಿಲ್ಲ. ಅದು ಸೀಸದ ಕೆಲಸವೋ ಅಲ್ಲವೋ, ಡಾಕ್ಟರಿಗೂ ಖಚಿತವಿಲ್ಲ. ಆಮೇಲೆ ಪರೀಕ್ಷೆ ಮಾಡಿಸಿದಾಗ ಬ್ಯಾಟರಿಯಕ್ಕನ ರಕ್ತದಲ್ಲಿದ್ದ ಸೀಸ ಮಗಳದ್ದಕ್ಕಿಂತ ಹೆಚ್ಚಿತ್ತು. ಅದರಿಂದ ಅವಳ ಮಣಿಕಟ್ಟಿನಲ್ಲಿ ಬಲವಿಲ್ಲ. ಭಾರದ ಬ್ಯಾಟರಿ ಬಂದರೆ, "ನೀವೇ ಇಳಿಸಿ ಸ್ವಾಮಿ" ಎಂದು ಗಿರಾಕಿಗೇ ಹೇಳುತ್ತಾಳೆ.