ನಲವತ್ನಾಲ್ಕಿಲ್ಲದ ಇಸ್ಪೀಟು

ಇವತ್ತು ಬೆಳಿಗ್ಗೆ ಅಮರಾಪುರದ ಕಡೆಯ ದಪ್ಪನೆಯ ಮನುಷ್ಯರೊಬ್ಬರು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ, ಒಂದಿಷ್ಟು ಉಸಿರು ಬಿಟ್ಟು, "ಅಮ್ಮಾ, ಜೀನ್ಸ್‌ನಾಗೆ ನಲವತ್ನಾಲ್ಕು ಸೈಜು ಐತಾ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಗಿರಾಕಿಯ ಸೊಂಟ ನೋಡಿ ನಗಬಾರದೆನ್ನುವುದು ರಾಯದುರ್ಗದಲ್ಲಿ ಬಟ್ಟೆ ಹೊಲಿಯುವವರು ಕಲಿಯುವ ಮೊದಲ ಪಾಠ. ಪಾಪ, ಅವರ ಮುಖ ಸಣ್ಣಗಾಯಿತು. "ನಿಮ್ಮನ್ನ ನೋಡಿ ನಗ್ಲಿಲ್ಲ ಕಣಣ್ಣ, ಇಸ್ಪೀಟು ನೆನಪಾಯ್ತು" ಎಂದೆ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಕೂರಿಸಿ ಚಹಾ ತರಿಸಿಕೊಟ್ಟೆ. ಅವರು ಕುಡಿಯುತ್ತಿರಲಿ, ಅಷ್ಟರಲ್ಲಿ ನಿಮಗೆ ಆ ಇಸ್ಪೀಟಿನ ಸಂಗತಿ ಹೇಳಿಬಿಡುತ್ತೇನೆ.

ನಾನು ಮಡಕಶಿರದ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬರುವಾಗ ನನಗೆ ಕತ್ತರಿಸಲು ಗೊತ್ತಿದ್ದದ್ದು ರೇಷ್ಮೆಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪು ಮಾತ್ರ. ಈ ಮನೆಯಲ್ಲಿ ಮಾವ ಕಟಿಂಗ್ ಮಾಸ್ಟರ್. ಜಿಪ್ಪು, ಗುಂಡಿ, ಜೇಬು ಯಾರು ಬೇಕಾದರೂ ಹೊಲಿಯಬಹುದು, ತಪ್ಪಾದರೆ ಬಿಚ್ಚಬಹುದು. ಕತ್ತರಿ ತಪ್ಪಿದರೆ ಮಾತ್ರ ಬಟ್ಟೆಯೆಲ್ಲ ನೆಲ ಒರೆಸಲಿಕ್ಕೆ. ಒಂದು ವರ್ಷ ಜಿಪ್ಪು ಕೂರಿಸಿ ಕೂರಿಸಿ ಬೇಸತ್ತು ಕೇಳಿದೆ: "ಮಾವ, ನಂಗೂ ಕಟಿಂಗ್ ಕಲ್ಸಿ."

ಮಾವ ಕಟಿಂಗ್ ಟೇಬಲ್ಲಿನ ಮೇಲೆ ಒಬ್ಬರೇ ಇಸ್ಪೀಟು ಆಡುತ್ತಿದ್ದರು. ತಲೆ ಎತ್ತಲಿಲ್ಲ. "ಈ ಆಟ ಕೂಡಿದ ದಿನ ಕತ್ರಿ ನಿನ್ನ ಕೈಯಾಗ ಕೊಡ್ತೀನವ್ವಾ" ಎಂದರು.

ಆ ಇಸ್ಪೀಟು ಅಂಗಡಿಯದಲ್ಲ. "ರಾಜ ರಾಣಿ ಕೂಡ ನಮಗೇನು ಕೆಲಸ?" ಎಂದು ಮಾವ ಅಳತೆಯ ರಟ್ಟಿನಲ್ಲಿ ತಾವೇ ಕತ್ತರಿಸಿಕೊಂಡಿದ್ದು. ನಾಲ್ಕು ಗುರುತು: ಸೂಜಿ, ಗುಂಡಿ ನೀಲಿ ಬಣ್ಣ. ಜಿಪ್ಪು, ಜೇಬು ಕಪ್ಪು. ಎಕ್ಕದಿಂದ ಹತ್ತರವರೆಗಿನ ಎಲೆಗಳ ಜಾಗದಲ್ಲಿ ಇಪ್ಪತ್ತಾರರಿಂದ ನಲವತ್ನಾಲ್ಕರವರೆಗಿನ ಸೊಂಟದ ಸೈಜುಗಳು ಎಂದು ಲೆಕ್ಕ. ಅದರ ಮೇಲೆ ಗುಲಾಮನ ಬದಲು ಕಮಿಷನ್ ಏಜೆಂಟು, ರಾಣಿಯ ಬದಲು ಹೊಲಿಗೆ ಮಿಷನ್ನು, ರಾಜನ ಬದಲು ಕಟಿಂಗ್ ಮಾಸ್ಟರು. ಮಾಸ್ಟರಿಗೆ ಮಾವನದೇ ಮೀಸೆ. ಏಳು ಸಾಲು ಹಾಸಿ, ನೀಲಿ ಕಪ್ಪು ಬದಲಿಸುತ್ತ ದಪ್ಪದ ಮೇಲೆ ತೆಳ್ಳಗಿನದು ಇಟ್ಟು, ಕೊನೆಗೆ ಒಂದೊಂದು ಗುರುತನ್ನೂ ಇಪ್ಪತ್ತಾರರಿಂದ ಮಾಸ್ಟರವರೆಗೆ ಕ್ರಮವಾಗಿ ಪೇರಿಸಿದರೆ ಆಟ ಕೂಡಿದಂತೆ. ದಿನಕ್ಕೆ ಒಂದೇ ಸಲ, ಬೆಳಗಿನ ಚಹಾ ಆದಮೇಲೆ, ಬಟ್ಟೆ ಹಾಸುವ ಮುಂಚೆ.

ಎರಡು ವರ್ಷ ದಿನವೂ "ಇವತ್ತಿಲ್ಲ" ಎಂದು ಎಲೆ ಮಡಚಿದರು. ನಾನು ಶನಿವಾರ ಉಪವಾಸ ಹಿಡಿದೆ. ಮಾವನ ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿದೆ. ಗಂಡನಿಗೆ ಹೇಳಿದರೆ, "ಅಪ್ಪನ ಆಟದಾಗ ನಾ ಬಾಯಿ ಹಾಕಾಂಗಿಲ್ಲ" ಎಂದು ಮಿಷನ್ನು ಜೋರಾಗಿ ಓಡಿಸಿದರು. ಒಂದು ದಿನ ಆ ಸಕ್ಕರೆ ಚಹಾವೇ ಎಲೆಗಳ ಮೇಲೆ ಚೆಲ್ಲಿತು. ಒರೆಸಿ ಒಣಗಿಸಲು ಮಾಳಿಗೆಯ ಮೇಲೆ ಸೈಜಿನ ಪ್ರಕಾರ ಜೋಡಿಸಿದೆ. ಇಪ್ಪತ್ತಾರು, ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು, ಇನ್ನೊಂದು ಮೂವತ್ತೆರಡು... ನಲವತ್ತೆರಡಾದ ಮೇಲೆ ಸೀದಾ ಏಜೆಂಟು. ನಾಲ್ಕು ಸಾಲಿನಲ್ಲೂ ಅದೇ ಕತೆ. ನಲವತ್ನಾಲ್ಕು ಇಲ್ಲವೇ ಇಲ್ಲ!

ಇಂಥ ತಪ್ಪು ರಾಯದುರ್ಗದ ಕೈಯಿಂದ ಮಾತ್ರ ಆಗಬೇಕು. ಹತ್ತಾರು ಪ್ಯಾಂಟಿನ ಲಾಟು ಕತ್ತರಿಸುವಾಗ ಎಲ್ಲ ಸೈಜೂ ಒಂದೊಂದೇ ಕತ್ತರಿಸುವುದಿಲ್ಲ. ಹೆಚ್ಚು ಖರ್ಚಾಗುವ ಮೂವತ್ತೆರಡು ಯಾವಾಗಲೂ ಎರಡು. "ಮುಪ್ಪೈ ರೆಂಡು, ಮುಪ್ಪೈ ರೆಂಡು" ಎಂದು ಇಲ್ಲಿನ ಪೇಟೆಯ ತೆಲುಗಿನಲ್ಲಿ ಎಣಿಸಿ ಎಣಿಸಿ ಪಳಗಿದ ಮಾವನ ಕೈ ಇಸ್ಪೀಟಿನಲ್ಲೂ ಎರಡೆರಡು ಬರೆದಿದೆ. ಹತ್ತು ಎಲೆ ನಲವತ್ತೆರಡಕ್ಕೇ ಮುಗಿದಿವೆ. ಒಟ್ಟು ಲೆಕ್ಕ ಐವತ್ತೆರಡು ಸರಿಯಾಗಿಯೇ ಇದೆ! ಯಾವ ಜನ್ಮಕ್ಕೂ ಕೂಡದ ಆಟಕ್ಕೆ ನಾನು ಎರಡು ವರ್ಷ ಶನಿವಾರ ಊಟ ಬಿಟ್ಟಿದ್ದೆ. ನಗಬೇಕಿತ್ತು, ನಿಜ, ಮೊದಲು ಅಳುವೇ ಬಂತು.

ಮಧ್ಯಾಹ್ನ ಮಾವ ಮಲಗಿದಾಗ ಅವರ ಮಂಚದ ಮೇಲಿನ ಗೋಡೆಯ ಮೊಳೆಯಿಂದ ಕತ್ತರಿ ತೆಗೆದು, ರಟ್ಟಿನಲ್ಲಿ ನಾಲ್ಕು ನಲವತ್ನಾಲ್ಕು ಕತ್ತರಿಸಿ, ಹೆಚ್ಚಿನ ಮೂವತ್ತೆರಡುಗಳ ಜಾಗಕ್ಕೆ ಸೇರಿಸಿದೆ. ಈ ಮನೆಯಲ್ಲಿ ನಾನು ಕತ್ತರಿಸಿದ ಮೊದಲ ಮಾಲು ಅದೇ.

ನಾಲ್ಕನೆಯ ದಿನ ಆಟ ಕೂಡಿತು. ಮಾವ ಎದ್ದು ನಿಂತರು, ಕೂತರು, ಎಲೆಗಳನ್ನು ಒಂದೊಂದಾಗಿ ತಿರುವಿದರು. "ಯಾರವ್ವಾ ಇದಕ್ಕ ಕೈ ಹಾಕಿದ್ದು?"

"ನಾನೇ ಮಾವ. ನಿಮ್ ಆಟದಾಗೆ ನಲವತ್ನಾಲ್ಕೇ ಇರ್ಲಿಲ್ಲ."

ತಪ್ಪು ಒಪ್ಪಿಕೊಂಡರೇ? ಎಲ್ಲಿಯ ಮಾತು! "ನಲವತ್ನಾಲ್ಕು ಯಾರು ಕೇಳ್ತಾರ? ಮೂವತ್ತೆರಡು ಹೋಗತೈತಿ, ಎರಡು ಹಾಕೀನಿ. ಹೋಗದ ಮಾಲು ಕಟ್ ಮಾಡಾಕ ನನಗೇನು ಹುಚ್ಚೇನು?" ಎಂದು ಹಳೆಯ ಎಲೆಗಳನ್ನೇ ಸೇರಿಸಿದರು. ನನ್ನ ನಾಲ್ಕು ರಟ್ಟಿನ ಅಂಚನ್ನು ಹೆಬ್ಬೆರಳಿನಿಂದ ಸುಮಾರು ಹೊತ್ತು ಸವರಿದರು. ಆಮೇಲೆ ಕತ್ತರಿ ಚಾಚಿದರು. "ಆಟ ಕೂಡಿಲ್ಲ, ಕತ್ರಿ ನಿಂದಲ್ಲ. ಆದ್ರ ಗೆರಿ ನೆಟ್ಟಗೈತಿ. ಇವತ್ತೊಂದಿನ ಇಟ್ಕೋ."

ಆ ಇವತ್ತೊಂದಿನಕ್ಕೆ ಈಗ ಹದಿನೈದು ವರ್ಷ. ಬೆಳಿಗ್ಗೆ ಆಟ ಕೂಡುವುದಿಲ್ಲ, "ಇವತ್ತೊಂದಿನ ಇಟ್ಕೋ" ಎನ್ನುತ್ತಾರೆ. ಸಂಜೆ ಕತ್ತರಿ ಒಯ್ದು ಆ ಮೊಳೆಗೆ ತೂಗುಹಾಕುತ್ತೇನೆ. ಕೈ ನಡುಗಲು ಶುರುವಾದ ಮೇಲೆ ಮಾವ ಅದನ್ನು ಮುಟ್ಟಿಯೇ ಇಲ್ಲ. ಪೇಟೆಯಲ್ಲಿ ನನ್ನನ್ನು ಮಾಸ್ಟ್ರಮ್ಮ ಎನ್ನುತ್ತಾರೆ. ಮನೆಯಲ್ಲಿ ನಾನು ಒಂದು ದಿನದ ಮಾಸ್ಟರು. ನೀವು ನಗುತ್ತಿದ್ದೀರಿ, ನಗಿ. ಮೊಳೆಗೆ ತೂಗುಹಾಕುವಾಗ ಮಾತ್ರ ನನಗೆ ಒಂದು ದಿನವೂ ನಗು ಬರುತ್ತಿರಲಿಲ್ಲ.

ಸರಿ, ಚಹಾ ಮುಗಿಯುತ್ತ ಬಂತು. ಒಳಗೆ ಮಂಚದ ಮೇಲಿದ್ದ ಮಾವ, "ಎಷ್ಟು ಸೈಜಂದ್ರಿ?" ಎನ್ನುತ್ತ ಟೇಪು ಹಿಡಿದು ಹೊರಗೆ ಬಂದರು. "ಬರ್ರಿ, ಇಲ್ಲಿ ನಿಂದರ್ರಿ." ಎರಡು ಸಲ ಅಳೆದರು. ಸರಿಯಾಗಿ ನಲವತ್ನಾಲ್ಕು. ಕನ್ನಡಕದ ಡಬ್ಬಿ ತೆರೆದು ಒರೆಸುವ ಬಟ್ಟೆಯ ಕೆಳಗಿನಿಂದ ನಾಲ್ಕು ಎಲೆ ತೆಗೆದರು. ಒಲೆಗೆ ಹಾಕಿದ್ದಾರೆಂದು ನಾನು ತಿಳಿದಿದ್ದ ನನ್ನವೇ ಎಲೆಗಳು! ಹೆಚ್ಚಿನ ಮೂವತ್ತೆರಡುಗಳನ್ನು ಕಿತ್ತು, ಅವನ್ನು ಸೇರಿಸಿ, ಟೇಬಲ್ಲಿನ ಮೇಲೆ ಹಾಸಿದರು.

ಕೂಡಲಿಲ್ಲ. ದಿನಕ್ಕೆ ಎರಡನೇ ಸಲ ಎಂದೂ ಹಾಸದ ಮಾವ ಮತ್ತೆ ಹಾಸಿದರು. ಮತ್ತೆ ಹಾಸಿದರು. ಗಿರಾಕಿ ಜೀನ್ಸ್ ಮರೆತು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ತಾತ, ಆ ಜಿಪ್ಪಿನ ಮೂವತ್ತಾರು ತಗ್ದು ಸೂಜಿ ಮೂವತ್ತೆಂಟರ ಮೇಲಿಡು" ಎಂದು ಸಲಹೆ ಕೊಡತೊಡಗಿದರು. ಊಟದ ಹೊತ್ತಿಗೆ, ಏಳನೆಯ ಸಲಕ್ಕೆ, ನಾಲ್ಕು ಮಾಸ್ಟರೂ ನಾಲ್ಕು ಪೇರಿಕೆಯ ಮೇಲೆ ಮೀಸೆ ಹೊತ್ತು ಕೂತರು. ಗಿರಾಕಿ ಚಪ್ಪಾಳೆ ತಟ್ಟಿದರು. ಮಾವ "ಹ್ಞೂಂ" ಎಂದು ಉಣ್ಣಲು ಎದ್ದರು, ಅಷ್ಟೇ.

ಮಧ್ಯಾಹ್ನವೆಲ್ಲ ನಾನು ಆ ನಲವತ್ನಾಲ್ಕನ್ನು ಕತ್ತರಿಸಿದೆ. ಸಂಜೆ ಎಂದಿನ ಅಭ್ಯಾಸದಲ್ಲಿ ಕತ್ತರಿ ಹಿಡಿದು ಮಾವನ ಮಂಚದ ಹತ್ತಿರ ಹೋದರೆ ಗೋಡೆಯಲ್ಲಿ ತೂತು ಮಾತ್ರ ಇತ್ತು.

"ಮೊಳೆ ಎಲ್ಲಿ ಮಾವ?"

"ಕಿತ್ತು ಒಗದೀನಿ. ನಿಂದು ನನ್ನ ಗ್ವಾಡಿಗೆ ಯಾಕ? ಎಲ್ಲಿ ಬೇಕಲ್ಲಿ ಇಟ್ಕೋ ಹೋಗು."

ಆಗಿನಿಂದ ಮನೆ ತುಂಬ ತಿರುಗುತ್ತಿದ್ದೇನೆ. ಯಾವ ಗೋಡೆಯೂ ಸರಿಕಾಣುತ್ತಿಲ್ಲ. ಸದ್ಯಕ್ಕೆ ಕತ್ತರಿ ತೊಡೆಯ ಮೇಲೇ ಇದೆ.