ಬದುವಿನ ಮೂರು ಬಿಲಗಳು

ಈ ಬೆಳಿಗ್ಗೆ ಹೊಸಕೋಟೆಯ ಕಚೇರಿಯೊಂದರ ತಗಡಿನ ಚಪ್ಪರದಡಿ ಅರ್ಜಿ ಹಿಡಿದು ನಿಂತಿದ್ದಾಗ, ಬಿಸಿಲಿಗೆ ಕಾದ ತಗಡಿನ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಅದೊಂದು ವಾಸನೆಯೇ ಅನ್ನಿಸದಿರಬಹುದು. ನನಗೆ ಮುನಿಯಮ್ಮಜ್ಜಿ ನೆನಪಾದರು.

ಎರಡು ವರ್ಷದ ಹಿಂದೆ ನಂದಗುಡಿಯ ಆಚೆ, ಕೈಗಾರಿಕೆಗೆಂದು ಗುರುತಿಸಿದ್ದ ಹೊಲಗಳಲ್ಲಿ ಹಾವು, ಹಲ್ಲಿ, ಉಡಗಳ ಸಮೀಕ್ಷೆ ಮಾಡುವುದು ನನ್ನ ಮೊದಲ ಉದ್ಯೋಗವಾಗಿತ್ತು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಆದ್ದರಿಂದ ಎಲ್ಲಿ ತಪ್ಪಾದೀತೋ ಎಂಬ ಭಯವೂ ನನ್ನೊಬ್ಬಳದೇ. ನೆಲಕ್ಕೆ ಹಾಸಿದ ತಗಡು ಬೆಚ್ಚಗಾದರೆ ಅದರಡಿ ಸರೀಸೃಪಗಳು ಬಂದು ಸೇರುತ್ತವೆ. ಎತ್ತಿ ನೋಡಿ ಬರೆದುಕೊಳ್ಳಬೇಕು. ನಾನು ಟೇಪು ಹಿಡಿದು, ಉಳುಮೆಯಾದ ಹೊಲದ ನಟ್ಟನಡುವೆ, ಹನ್ನೆರಡು ತಗಡುಗಳನ್ನು ಸಮ ಅಂತರದಲ್ಲಿ ನೇರ ಸಾಲಾಗಿ ಹಾಸಿದೆ. ನಕ್ಷೆಯಲ್ಲಿ ಅದು ಬಹಳ ಸೊಗಸಾಗಿ ಕಾಣುತ್ತಿತ್ತು.

ವಾರ ಕಳೆದರೂ ಒಂದು ಹಲ್ಲಿಯೂ ಬರಲಿಲ್ಲ. ಎಂಟನೆಯ ದಿನ ಒಂದು ತಗಡೇ ಇರಲಿಲ್ಲ. ಪಕ್ಕದ ಹೊಲದ ಮುನಿಯಮ್ಮಜ್ಜಿ ಅದನ್ನೊಯ್ದು ತಮ್ಮ ಬದುವಿನಲ್ಲಿ ಪೇರಿಸಿದ್ದ ಬೆರಣಿಗೆ ಮುಚ್ಚಿದ್ದರು. ಅದು ಸಮೀಕ್ಷಾ ಸಾಮಗ್ರಿಯೆಂದೂ, ಅನುಮತಿಯಿಲ್ಲದೆ ಸ್ಥಳಾಂತರಿಸಬಾರದೆಂದೂ ನಾನು ಪುಸ್ತಕದ ಕನ್ನಡದಲ್ಲಿ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, ತಗಡಿನ ಅಂಚು ಎತ್ತಿದರು. ನುಣುಪು ಮೈಯ ಎರಡು ಹಾವುರಾಣಿಗಳು ಸರ್ರನೆ ಬೆರಣಿಯ ಸಂದಿಗೆ ನುಗ್ಗಿದವು.

"ಗೆರೆ ಎಳ್ದಂಗೆ ಹಾಕಿದ್ದೀಯಲ್ಲವ್ವ, ಅವೇನು ರೇಷನ್ ಕ್ಯೂಗೆ ಬತ್ತವಾ?"

ಅಂದಿನಿಂದ ಜಾಗ ತೋರಿಸುವವರು ಅವರು, ಬರೆದುಕೊಳ್ಳುವವಳು ನಾನು. ಹುತ್ತದ ಮಗ್ಗುಲು, ಲಂಟಾನದ ಬುಡ, ಕಲ್ಲಿನ ಬದು. ಕೇರೆ ಬಂತು, ಮಣ್ಣುಮುಕ್ಕ ಬಂತು. ಬದುವಿನಲ್ಲಿ ಮೂರು ಬಿಲಗಳಿದ್ದವು. ಒಂದರ ಬಾಯಲ್ಲಿ ಉಡ ಬಿಸಿಲು ಕಾಯುತ್ತಿತ್ತು. ಕಾನೂನು ಅತ್ಯಂತ ಬಿಗಿಯಾಗಿ ರಕ್ಷಿಸುವ ಜೀವಿಗಳಲ್ಲಿ ಅದೂ ಒಂದೆಂದು ನಾನು ಹೇಳಿದಾಗ ಅಜ್ಜಿ ನಕ್ಕರು. ಅವರ ಹೊಲವೂ ಕೈಗಾರಿಕೆಗೆ ಗುರುತಿಸಿದ್ದ ನಕ್ಷೆಯೊಳಗಿತ್ತು.

"ನಮ್ಮನ್ನೇ ಎಬ್ಬಿಸೋರು ಅದ್ನ ಕೇಳ್ತಾರಾ?" ಎಂದವರು, ನಾನು ಪೆನ್ನು ಮುಚ್ಚುವಷ್ಟರಲ್ಲಿ, "ಆದ್ರೂ ಬರ್ಕೊ. ಇರ್ಲೇ ಇಲ್ಲ ಅಂತ ಮಾತ್ರ ಆಗ್ಬಾರ್ದು" ಎಂದರು.

ನನ್ನ ವರದಿ ಓದಿದ, ಸಮೀಕ್ಷೆಗೆ ನನ್ನನ್ನು ನೇಮಿಸಿದ್ದ ಸಂಸ್ಥೆಯ ಮೇಲ್ವಿಚಾರಕರು ಸಭ್ಯರೇ. ಚಹಾ ತರಿಸಿ, "ಉಡ ಅಂತ ಬರೆದ್ರೆ ಫೈಲ್ ನಿಂತ್ಬಿಡುತ್ತೆ ಮೇಡಂ. ಸಾಮಾನ್ಯ ಹಲ್ಲಿಗಳು ಅಂತ ಹಾಕಿ ಸೈನ್ ಮಾಡ್ಬಿಡಿ" ಎಂದರು. ನನಗೆ ಕೆಲಸ ಸಿಕ್ಕಿತೆಂದು ನಮ್ಮವ್ವ ಬೀದಿಗೆಲ್ಲ ಲಾಡು ಹಂಚಿ ಮೂರು ತಿಂಗಳೂ ಆಗಿರಲಿಲ್ಲ.

"ನೋಡಿದ್ದನ್ನ ಬರ್ದಿದ್ದೀನಿ ಸಾರ್. ಉಡ ತೆಗೆಯೋದಾದ್ರೆ ನನ್ನ ಹೆಸರೂ ತೆಗೀರಿ."

ಅವರು ಎರಡನ್ನೂ ತೆಗೆದರು.

ಆ ವರದಿ ಈಗ ಸಾರ್ವಜನಿಕರ ಆಕ್ಷೇಪಣೆಗೆಂದು ಹೊರಬಂದಿದೆ. ಆ ಜಾಗದಲ್ಲಿ ಸಂರಕ್ಷಿತ ಸರೀಸೃಪ ಯಾವುದೂ ಕಂಡುಬಂದಿಲ್ಲವೆಂದು ಅದರಲ್ಲಿ ಅಚ್ಚಾಗಿದೆ. ನನ್ನ ಟಿಪ್ಪಣಿಗಳ ನಕಲು, ಬಿಲಗಳ ಛಾಯಾಚಿತ್ರ ಲಗತ್ತಿಸಿ, ಕಾಗುಣಿತವನ್ನು ನಾಲ್ಕು ಬಾರಿ ತಿದ್ದಿದ ಆಕ್ಷೇಪಣೆ ಅರ್ಜಿಯೊಂದಿಗೆ ಈ ಬೆಳಿಗ್ಗೆ ಆ ಕಚೇರಿಗೆ ಹೋಗಿದ್ದೆ. ಕಿಟಕಿಯೊಳಗಿನ ಗುಮಾಸ್ತರು ತಲೆಯೆತ್ತದೆ, "ಅಲ್ಲಿಟ್ಟು ಹೋಗಮ್ಮ" ಎಂದರು. ಮೊದಲಿನ ನಾನಾಗಿದ್ದರೆ ನಮಸ್ಕರಿಸಿ, ಇಟ್ಟು, ಬಂದುಬಿಡುತ್ತಿದ್ದೆ. ಸ್ವೀಕೃತಿ ಮುದ್ರೆ ಬೇಕೆಂದೆ. ಮುದ್ರೆ ಇಟ್ಟುಕೊಂಡವರು ಟೀಗೆ ಹೋಗಿದ್ದಾರೆಂದರು. ಬರಲಿ ಎಂದೆ. ಹಿಂದಿನವರಿಗೆ ಅಡ್ಡಿಯಾಗದಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ; ಕಿಟಕಿ ಬಿಟ್ಟು ಕದಲಲಿಲ್ಲ.